ನಿಡ್ಲೆಯನ್ನು ಕಾಣದೆಯೇ ಗುರುತಿಸಿದ ಯಂತ್ರ

ವರ್ಷವಿಡೀ ಹಸಿರು ಮಾಸದ ಕಾಡು. ಅದರ ಮಗ್ಗುಲಿಗೇ ನೆಡುತೋಪು. ನಡುವೆ ಅಲ್ಲೊಂದು ಇಲ್ಲೊಂದು ಮನೆ, ತೋಟ, ಬೈಲು. ಬೆಳಿಗ್ಗೆ ಗುಡ್ಡೆ ಹತ್ತಿ ಮುಚ್ಚಂಜೆಗೆ ಹಟ್ಟಿ ಸೇರುವ ಊರಿನ ದನಗಳು. ಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಒಣಕಾಡು ಮಾತ್ರ ಕಡಿಮೆ.

ಬೆಳ್ತಂಗಡಿ ತಾಲೂಕಿನ ಹಿರಿಯರಿಗೆ ಇದನ್ನು ಓದಿ ಹೇಳಿ, ಎಲ್ಲಿಯದು ಎಂದು ಕೇಳಿ ನೋಡಿ. ನಿಡ್ಲೆ, ಪಟ್ರಮೆ, ಕೊಕ್ಕಡದ ಕಡೆಗೆ ಕೈ ತೋರಿಸಿಯಾರು. ಆದರೆ ಈ ಚಿತ್ರ ಮೂಡಿದ್ದು ಆ ಊರುಗಳನ್ನು ನೋಡಿ ಅಲ್ಲ. 2014ರಿಂದ 2018ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಬಂದವರಿಗೆ ಸೋಂಕು ಎಲ್ಲೆಲ್ಲಿ ತಗುಲಿತು ಎಂಬ ಲೆಕ್ಕವನ್ನು ಒಂದು ಕಂಪ್ಯೂಟರಿಗೆ ಕೊಟ್ಟರು. ಉಪಗ್ರಹದಿಂದ ಕಂಡ ಕಾಡಿನ ನಕ್ಷೆ, ದನಕರುಗಳ ಲೆಕ್ಕ, ನೆಲದ ಎತ್ತರ, ಆಸ್ಪತ್ರೆ ಎಷ್ಟು ದೂರ ಎಂಬುದನ್ನೆಲ್ಲ ಜೊತೆಗಿಟ್ಟರು. ಯಾವ ಬಗೆಯ ನೆಲದಲ್ಲಿ ಈ ಕಾಯಿಲೆ ಹುಟ್ಟುತ್ತದೆ ಎಂದು ಕೇಳಿದರು. ಅದು ಕೊಟ್ಟ ಅಂಕಿಗಳನ್ನು ಮಾತಿಗೆ ಇಳಿಸಿದರೆ ಸಿಗುವುದು ಮೇಲಿನ ಚಿತ್ರ. ನಿಡ್ಲೆಯ ಹೆಸರನ್ನು ಆ ಯಂತ್ರದ ಕಿವಿಗೆ ಯಾರೂ ಹಾಕಿರಲಿಲ್ಲ. ಅಲ್ಲಿ 1982ರ ಡಿಸೆಂಬರಿನಲ್ಲಿ ಏನಾಯಿತು ಎಂಬುದೂ ಅದಕ್ಕೆ ಗೊತ್ತಿರಲಿಲ್ಲ.

ಆ ಫಲಿತಾಂಶವನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ಮತ್ತೆ ಓದಿದೆ. ಇಂದಿಗೂ ಓದಿದಾಗಲೆಲ್ಲ ಅದೇ ಬೆರಗು.

ಏನಾಯಿತು 1982ರಲ್ಲಿ? ನಿಡ್ಲೆಯ ಮೀಸಲು ಅರಣ್ಯದಲ್ಲಿ ನೂರಾರು ಎಕರೆ ಹಳೆಯ ಕಾಡನ್ನು ಗೇರು ತೋಪಿಗಾಗಿ ಬೋಳಿಸುವ ಕೆಲಸ ನಡೆದಿತ್ತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇರುಬೀಜದ ಗುಡ್ಡೆ ಎಂದರೆ ಕೂಲಿ, ದುಡ್ಡು, ಅಭಿವೃದ್ಧಿ. ಕಡಿಯಲು, ಸುಡಲು, ಗುಂಡಿ ತೋಡಲು ಆಳುಗಳು ಕಾಡಿಗೆ ಹೋದರು. ಮಂಗಗಳು ಸತ್ತು ಬೀಳತೊಡಗಿದವು. ಬೆನ್ನಿಗೇ ಮನುಷ್ಯರಿಗೆ ಜ್ವರ. ಇದ್ದಕ್ಕಿದ್ದಂತೆ ಏರುವ ಜ್ವರ, ಹಣೆ ಒಡೆದುಹೋಗುವಂಥ ತಲೆನೋವು, ಮೈಕೈ ಅಲುಗಾಡಿಸಲಾರದಷ್ಟು ನೋವು, ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ. ಮುಂದಿನ ಮೇ ತಿಂಗಳ ಹೊತ್ತಿಗೆ ಸಾವಿರಕ್ಕೂ ಮೀರಿ ಜನ ಹಾಸಿಗೆ ಹಿಡಿದಿದ್ದರು. ಎಷ್ಟೋ ಮನೆಗಳಲ್ಲಿ ದುಡಿಯುವ ಕೈಯೇ ಹೋಯಿತು. ಮಂಗನ ಕಾಯಿಲೆಯ ಇತಿಹಾಸದಲ್ಲೇ ಅತಿ ದೊಡ್ಡ ಹಾವಳಿಗಳಲ್ಲಿ ಇದೂ ಒಂದು.

ಆ ದಿನಗಳ ಬಗ್ಗೆ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಒಂದು ಪ್ರಬಂಧ ಬರೆದರು. ದಕ್ಷಿಣ ಕನ್ನಡದಲ್ಲಿ ಬಹುಕಾಲ ಕ್ಷೇತ್ರಕಾರ್ಯ ಮಾಡಿದವರು ಅವರು. ಮಂಗನ ಕಾಯಿಲೆಯನ್ನು ಅವರು ಕರೆದದ್ದು ಅಭಿವೃದ್ಧಿಯ ಕಾಯಿಲೆ ಎಂದು. ಊರವರು ಇದನ್ನು ವೈದ್ಯರ ಮಾತಿನ ಜೊತೆಗೇ ದೈವಗಳ ಲೆಕ್ಕದಲ್ಲೂ ಅರ್ಥ ಮಾಡಿಕೊಳ್ಳಲು ನೋಡಿದ್ದು ಅವರ ಬರಹದಲ್ಲಿದೆ. ಕಾಡನ್ನು ಕೆಣಕಿದ್ದಕ್ಕೂ ಜ್ವರಕ್ಕೂ ನಂಟಿದೆ ಎಂಬ ಮಾತು ಹೊಸದೇನಲ್ಲ. ಹೊಸದು ಎಂದರೆ ಆ ನಂಟನ್ನು ಅಳೆದು, ನಕ್ಷೆಯ ಮೇಲೆ ಚೌಕಚೌಕವಾಗಿ ಬಣ್ಣ ಹಚ್ಚಿ ತೋರಿಸಬಹುದು ಎಂಬುದು!

ಹೀಗೆ ನಕ್ಷೆ ಕಟ್ಟುವುದೂ ಒಂದು ಬಗೆಯ ವೈದ್ಯಕೀಯ ಸಿಮ್ಯುಲೇಷನ್. ಆ ಹೆಸರು ಕೇಳಿದಾಗ ಕಣ್ಣಿಗೆ ಕಟ್ಟುವುದು ಉಸಿರಾಡುವ ಗೊಂಬೆ. ವೈದ್ಯಕೀಯ ವಿದ್ಯಾರ್ಥಿಗಳು ಅದರ ಎದೆ ಒತ್ತಿ, ಗಂಟಲಿಗೆ ಕೊಳವೆ ಇಳಿಸಿ ಕೈ ಪಳಗಿಸಿಕೊಳ್ಳುತ್ತಾರೆ. ಅದೂ ದೊಡ್ಡ ವಿದ್ಯೆಯೇ. ಆದರೆ ಇಲ್ಲಿ ಕಂಪ್ಯೂಟರಿನ ಒಳಗೆ ಮಲಗಿರುವ ರೋಗಿ ಒಬ್ಬ ಮನುಷ್ಯ ಅಲ್ಲ, ಒಂದು ಇಡೀ ಕಾಡು. ಅದರ ಮರ, ದನ, ಮಂಗ, ಇಲಿ, ತರಗೆಲೆಯ ಅಡಿಯಲ್ಲಿ ಕಾಯುವ, ಕಚ್ಚಿ ಈ ಕಾಯಿಲೆ ಹರಡುವ, ಸಾಸಿವೆಗಿಂತ ಚಿಕ್ಕ ಉಣುಗು, ಸೌದೆ ತರಲು ಹೋಗುವ ಮನುಷ್ಯ, ಎಲ್ಲ ಸೇರಿ ಆ ರೋಗಿಯ ದೇಹ.

ಈ ಕಥೆಗೆ ಎರಡು ಬೇರುಗಳಿವೆ. ಒಂದು ಬೇರು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 1957ರಲ್ಲಿ ಅಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜ್ವರವಿದೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಮಂಗ ಸಾಯುವ ಜ್ವರ ಎಂದರೆ ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಭಯ. ಟೆಲ್‌ಫರ್ಡ್ ವರ್ಕ್ ಅವರ ತಂಡ ಓಡಿಬಂತು. ಸಿಕ್ಕಿದ್ದು ಹಳದಿ ಜ್ವರವಲ್ಲ, ಜಗತ್ತು ಅದುವರೆಗೆ ನೋಡಿರದ ವೈರಸ್. ಅದರ ಹತ್ತಿರದ ನೆಂಟರು ಇದ್ದದ್ದು ದೂರದ ರಷ್ಯಾದ ಕಾಡುಗಳಲ್ಲಿ, ಅಲ್ಲೂ ಉಣುಗಿನ ಮೈಯಲ್ಲೇ. ಹಾಗಾದರೆ ವಲಸೆ ಹಕ್ಕಿಗಳು ಹೊತ್ತು ತಂದವೇ? ಆ ಪ್ರಶ್ನೆ ಹಿಡಿದು ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೇ ಇಳಿಯಿತು. ಒಂದು ಮಲೆನಾಡ ಕಾಡಿನ ಜ್ವರ ಸೈಬೀರಿಯದ ಆಕಾಶದವರೆಗೆ ಕಣ್ಣು ಹಾಯಿಸುವಂತೆ ಮಾಡಿತು.

ಇನ್ನೊಂದು ಬೇರು ಗಣಿತದ್ದು. ಮಲೇರಿಯದ ಪರೋಪಜೀವಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡ ರೊನಾಲ್ಡ್ ರಾಸ್ ಅಷ್ಟಕ್ಕೇ ನಿಲ್ಲಲಿಲ್ಲ. ಸೊಳ್ಳೆ ಎಷ್ಟಿದ್ದರೆ ಮಲೇರಿಯ ಉಳಿಯುತ್ತದೆ, ಎಷ್ಟಕ್ಕಿಂತ ಕಡಿಮೆಯಾದರೆ ಅಳಿಯುತ್ತದೆ ಎಂದು ಸಮೀಕರಣ ಬರೆದರು. ಭಾರತದಲ್ಲಿ ಸೇನಾ ವೈದ್ಯರಾಗಿದ್ದ ಮೆಕ್‌ಕೆಂಡ್ರಿಕ್ ಆ ದಾರಿಯಲ್ಲೇ ಮುಂದೆ ಹೋದರು. ಕರ್ಮ್ಯಾಕ್ ಅವರೊಂದಿಗೆ 1927ರಲ್ಲಿ ಅವರು ಪ್ರಕಟಿಸಿದ ಸಾಂಕ್ರಾಮಿಕದ ಗಣಿತ ಇಂದಿಗೂ ಎಷ್ಟೋ ರೋಗ ಮಾದರಿಗಳ ಅಡಿಪಾಯ. ಆ ಗಣಿತವನ್ನು ಅವರು ಒರೆಗೆ ಹಚ್ಚಿದ್ದು ಯಾವ ಅಂಕಿಗಳ ಮೇಲೆ ಗೊತ್ತೇ? 1905–06ರಲ್ಲಿ ಮುಂಬಯಿಯಲ್ಲಿ ಪ್ಲೇಗಿನಿಂದ ಸತ್ತವರ ವಾರವಾರದ ಲೆಕ್ಕದ ಮೇಲೆ. ಕೋವಿಡ್ ಕಾಲದಲ್ಲಿ ಟೀವಿಯಲ್ಲಿ ದಿನವೂ ಕಂಡ ಏರಿಳಿವ ಗೆರೆಗಳ ವಂಶವೃಕ್ಷ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಈ ಎರಡು ಬೇರುಗಳ ನಡುವೆ ಒಬ್ಬ ಮನುಷ್ಯ ನಿಂತಿದ್ದಾರೆ. ಅವರ ಹೆಸರು ನಮ್ಮಲ್ಲಿ ಬಹುತೇಕ ಯಾರಿಗೂ ತಿಳಿಯದು ಎಂಬುದು ನನ್ನ ಸಂಕಟ. ಹೋರ್ಹೆ ಬೊಶೆಲ್, ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ವೈದ್ಯ. ಅಲ್ಲಿ ಕಾಡಿನ ಹಳದಿ ಜ್ವರ ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಬಗೆಹರಿಯದಿದ್ದ ಕಾಲ. ಒಂದು ದಿನ ಮರ ಕಡಿಯುವವರನ್ನು ನೋಡುತ್ತ ನಿಂತಿದ್ದರು. ಮರ ನೆಲಕ್ಕೆ ಬಿತ್ತು. ಅದರ ನೆತ್ತಿಯಲ್ಲಿದ್ದ ನೀಲಿ ಸೊಳ್ಳೆಗಳ ಹಿಂಡು ಮರ ಕಡಿಯುವವರನ್ನು ಮುತ್ತಿಕೊಂಡಿತು. ಕಾಡಿನ ನೆತ್ತಿಯಲ್ಲಿ ಮಂಗ ಮತ್ತು ಸೊಳ್ಳೆಗಳ ನಡುವೆ ಸುತ್ತುತ್ತಿದ್ದ ರೋಗ ಕೊಡಲಿಯೊಂದಿಗೆ ನೆಲಕ್ಕಿಳಿಯುತ್ತಿತ್ತು! ಆ ಬೊಶೆಲ್ ಮುಂದೆ ನಮ್ಮ ಸಾಗರ, ಸೊರಬದ ಕಾಡಿಗೆ ಬಂದರು. ಪಿ. ಕೆ. ರಾಜಗೋಪಾಲನ್ ಮೊದಲಾದವರ ಜೊತೆ ಉಣುಗುಗಳನ್ನು ಹಿಡಿದರು, ಎಣಿಸಿದರು. 1969ರಲ್ಲಿ ಒಂದು ಲೇಖನ ಬರೆದರು. ಕಾಡಿನ ನಡುವೆ ಗದ್ದೆ, ಮನೆ, ಹಟ್ಟಿ ಹಬ್ಬಿದವು, ದನಗಳು ಕಾಡಿಗೆ ಹೋಗಿ ಬಂದವು, ದನದ ರಕ್ತ ಕುಡಿದು ಉಣುಗು ಬೆಳೆಯಿತು, ಅದರೊಂದಿಗೆ ಎಲ್ಲೋ ಸದ್ದಿಲ್ಲದೆ ಇದ್ದ ವೈರಸ್ ಹೊರಬಂತು ಎಂಬುದು ಅವರ ವಾದದ ತಿರುಳು.

ಅದಾಗಿ ಹದಿಮೂರು ವರ್ಷಕ್ಕೆ ನಿಡ್ಲೆಯಲ್ಲಿ ಮರ ಉರುಳಿದವು.

ಉಣುಗಿನ ಬಾಳುವೆಯನ್ನು ಸ್ವಲ್ಪ ತಿಳಿದರೆ ಆ ವಾದದ ಚೂಪು ಗೊತ್ತಾಗುತ್ತದೆ. ಇಲ್ಲಿನ ಮುಖ್ಯ ಆರೋಪಿ ಹೀಮಫಿಸಾಲಿಸ್ ಸ್ಪಿನಿಜೆರ ಎಂಬ ಜಾತಿ. ಮಳೆಗಾಲದಲ್ಲಿ ಬೆಳೆದ ಹೆಣ್ಣು ಉಣುಗು ದನದಂಥ ದೊಡ್ಡ ಪ್ರಾಣಿಗಳ ಮೈಗೆ ಕಚ್ಚಿ, ಹೊಟ್ಟೆ ತುಂಬಿದ ಮೇಲೆ ತರಗೆಲೆಯೊಳಗೆ ಉದುರಿ, ಮೊಟ್ಟೆಗಳ ರಾಶಿಯನ್ನೇ ಇಡುತ್ತದೆ. ಮಳೆ ಹಿಂದೆ ಸರಿಯುವಾಗ ಆರು ಕಾಲಿನ ಮರಿಗಳು ಇಲಿ, ಹಕ್ಕಿ, ಮಂಗಗಳ ಮೈ ಏರುತ್ತವೆ. ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುವುದು ಚಳಿಗಾಲದ ಹೊತ್ತಿಗೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಎಳೆಯವೇ. ಕಾಯಿಲೆ ನವೆಂಬರ್, ಡಿಸೆಂಬರಿನಲ್ಲಿ ತಲೆ ಎತ್ತಿ ಮೇ ಮುಗಿಯುವಾಗ ಇಳಿಯುವುದು ಅದಕ್ಕೇ. ನಮ್ಮಲ್ಲಿ ಸೊಪ್ಪು ಕಡಿಯುವ, ತರಗೆಲೆ ಗುಡಿಸಿ ಹಟ್ಟಿಗೆ ಹಾಕುವ, ಸೌದೆ ಒಟ್ಟುವ ಕಾಲವೂ ಅದೇ. ಮುಸಿಯವೋ ಕೆಂಪು ಮಂಗವೋ ಸೋಂಕಿಗೆ ಸತ್ತು ಬಿದ್ದರೆ ಅದರ ಮೈಯ ಉಣುಗುಗಳೆಲ್ಲ ಆ ಜಾಗದಲ್ಲೇ ಉದುರುತ್ತವೆ. ಅಲ್ಲಿ ಕಾಲಿಟ್ಟವರ ಪಾಡು ಕೇಳಬೇಡಿ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಇದು ದಾಟುವುದಿಲ್ಲ; ವೈರಸ್‌ಗೆ ನಾವು ದಾರಿಯ ಕೊನೆ.

ಈಗ ಯಂತ್ರದ ಬಳಿಗೆ ಬರೋಣ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರದ ಬೆಥನ್ ಪರ್ಸ್ ಮುಂದಾಳಾಗಿ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಪಶುರೋಗಗಳ ಅಧ್ಯಯನ ನಡೆಸುವ ನಿವೇದಿ, ರಾಜ್ಯದ ಆರೋಗ್ಯ ಇಲಾಖೆಯವರು ಒಟ್ಟಾಗಿ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರು ಬಳಸಿದ್ದು ಯಂತ್ರಕಲಿಕೆ, ಅಂದರೆ ನಿಯಮವನ್ನು ಮನುಷ್ಯ ಬರೆದುಕೊಡದೆ ಅಂಕಿಗಳಿಂದ ಯಂತ್ರವೇ ಹೆಕ್ಕಿಕೊಳ್ಳುವ ವಿಧಾನ. ಕಾಡು, ದನ, ಎತ್ತರ ಈ ಮೂರನ್ನು ಸೇರಿಸಿದ ಮಾದರಿ ಕಾಯಿಲೆ ಎಲ್ಲಿ ಬಂತು ಎಂಬುದನ್ನು ನಿಖರವಾಗಿ ತೋರಿಸಿತು. ಅಷ್ಟೇ ಆಗಿದ್ದರೆ ಹಳೆಯದನ್ನು ಬಾಯಿಪಾಠ ಒಪ್ಪಿಸಿದೆ ಎನ್ನಬಹುದಿತ್ತು. ಮುಂದಿನದನ್ನು ಕೇಳಿ. ಅದಕ್ಕೆ ತೋರಿಸಿದ್ದು 2018ರವರೆಗಿನ ಅಂಕಿಗಳನ್ನು. 2019ರಲ್ಲಿ ಕಾಯಿಲೆ ಹೊಸ ಜಾಗಗಳಲ್ಲಿ ಎದ್ದಾಗ, ಆ ಹೊಸ ಜಾಗಗಳನ್ನೂ ಅದು ಅಪಾಯದ ಬಣ್ಣದಲ್ಲಿ ಗುರುತಿಸಿತ್ತು!

ಮತ್ತು ಅದು ಹೇಳಿದ್ದೇನು? ಕಾಡೂ ತೋಪೂ ಬೆರೆತಿರುವ ಅಂಚಿನ ನೆಲ ಅಪಾಯದ್ದು. ಊರಿನ ತಳಿಯ ದನ ಹೆಚ್ಚಿದ್ದಲ್ಲಿ ಅಪಾಯ ಹೆಚ್ಚು. ಬೊಶೆಲ್ ಉಣುಗು ಹಿಡಿದು ಎಣಿಸಿ 1969ರಲ್ಲಿ ಹೇಳಿದ್ದು, ನಿಕ್ಟರ್ ಊರವರಿಂದ ಕೇಳಿ ತಿಳಿದು 1987ರಲ್ಲಿ ಬರೆದದ್ದು, 2020ರಲ್ಲಿ ಯಂತ್ರ ಅಂಕಿಗಳಿಂದ ಹೆಕ್ಕಿದ್ದು, ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ಯಂತ್ರಕ್ಕಂತೂ ಬೊಶೆಲ್, ನಿಕ್ಟರ್ ಇಬ್ಬರೂ ಯಾರೆಂದು ಗೊತ್ತಿಲ್ಲ. ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ರೋಮಾಂಚನ ನನಗೆ ತಿಳಿದಿಲ್ಲ.

ಊರಿನ ದನವೇ ಏಕೆ ಎಂದು ಕೇಳಿದರೆ ಉತ್ತರ ನಮ್ಮ ಹಟ್ಟಿಯಲ್ಲೇ ಇದೆ ಎಂದು ನನಗೆ ಕಾಣುತ್ತದೆ. ಮಲೆನಾಡು ಗಿಡ್ಡ, ನಮ್ಮ ತುಳುವಿನ ಊರುದ ಪೆತ್ತ, ಗುಡ್ಡೆಗೆ ಹೋಗಿ ತಾನೇ ಮೇದು ಬರುವ ಜಾತಿ. ಜೆರ್ಸಿ, ಎಚ್‌ಎಫ್ ಹಟ್ಟಿ ಬಿಟ್ಟು ಕದಲುವುದು ಕಡಿಮೆ. ಕಾಡಿನ ಉಣುಗಿಗೂ ಅಂಗಳಕ್ಕೂ ನಡುವೆ ದಿನಾ ಹೋಗಿ ಬರುವುದು ಊರ ದನವೇ. ಹಾಗೆಂದು ದನದ ಮೇಲೆ ಗೂಬೆ ಕೂರಿಸಬೇಡಿ. ಅದು ಕಾಯಿಲೆ ಬೀಳುವುದಿಲ್ಲ, ಕಾಯಿಲೆ ಕೊಡುವುದೂ ಇಲ್ಲ. ಉಣುಗಿಗೆ ಊಟವಾಗುತ್ತದೆ, ಅಷ್ಟೆ. ಹಟ್ಟಿಗೆ ಬಂದ ಮೇಲೆ ಮೈ ನೋಡಿ ಉಣುಗು ಹೆಕ್ಕುವ ಹಳೆಯ ರೂಢಿಯ ಬೆಲೆ ಇಲ್ಲಿ ತಿಳಿಯುತ್ತದೆ.

ಎಲ್ಲಿ ಎಂಬುದಾಯಿತು. ಯಾವಾಗ? ಆ ಪ್ರಶ್ನೆಯನ್ನು 2023ರಲ್ಲಿ ಕೇಶವಮೂರ್ತಿ ಮತ್ತು ಚಾರ್ಲ್ಸ್ ಎಂಬ ಸಂಶೋಧಕರು ಎತ್ತಿಕೊಂಡರು. ತಿಂಗಳು ತಿಂಗಳಿಗೆ ಎಷ್ಟು ಮಂದಿಗೆ ಮಂಗನ ಕಾಯಿಲೆ ಬಂದೀತು ಎಂದು ಮುಂಚೆಯೇ ಹೇಳುವ ಯಂತ್ರ ಕಟ್ಟಿದರು. ಹವಾಮಾನದ ಅಂಕಿಗಳನ್ನು ಕೊಟ್ಟರು, ಅದು ಎಲ್ಲರೂ ಮಾಡುವುದೇ. ಅದರ ಜೊತೆಗೆ ಇನ್ನೆರಡು ಕೊಟ್ಟರು. ಒಂದು, ಮಾಧ್ಯಮಗಳಲ್ಲಿ ಬಂದ ಸುದ್ದಿ. ಇನ್ನೊಂದು, ಜನ ಇಂಟರ್‌ನೆಟ್ಟಿನಲ್ಲಿ ಏನನ್ನು ಹುಡುಕಿದರು ಎಂಬ ಲೆಕ್ಕ. ಇವೆರಡು ಸೇರಿದ್ದೇ ತಡ, ಮಾದರಿಗಳೆಲ್ಲವೂ ಗಣನೀಯವಾಗಿ ಸುಧಾರಿಸಿದವು. ಯಾವುದೋ ಊರಿನ ಅರೆಕಾಲಿಕ ವರದಿಗಾರ ಮಂಗ ಸತ್ತಿದೆ ಎಂದು ಬರೆದು ಕಳಿಸುವ ನಾಲ್ಕು ಸಾಲು, ಮಗನಿಗೆ ಜ್ವರ ಬಂತೆಂದು ರಾತ್ರಿ ಮೊಬೈಲು ಹಿಡಿದು ಹುಡುಕುವ ತಾಯಿಯ ಆತಂಕ, ಇಂಥವೂ ಸೇರಿದರೆ ಮುನ್ಸೂಚನೆ ಹರಿತವಾಗುತ್ತದೆ ಎಂದಾಯಿತು. ಸುದ್ದಿಮನೆಯವರು ಇದನ್ನು ತಿಳಿಯಬೇಕು. ನೀವು ಬರೆಯುವ ಸಣ್ಣ ಸುದ್ದಿ ಸಣ್ಣದಲ್ಲ.

ಅವರು ಹೋಲಿಸಿ ನೋಡಿದ ವಿಧಾನಗಳಲ್ಲಿ ಮೇಲುಗೈ ಪಡೆದದ್ದು ಎಕ್ಸ್‌ಜಿಬೂಸ್ಟ್. ಅದರ ಒಳಗೆ ಇರುವುದು ನಿರ್ಧಾರದ ಮರಗಳು. ಕಳೆದ ತಿಂಗಳು ಮಳೆ ಇಷ್ಟಕ್ಕಿಂತ ಹೆಚ್ಚಿತ್ತೇ, ಸುದ್ದಿ ಇಷ್ಟು ಬಂದಿತ್ತೇ ಎಂದು ಹೌದು ಅಲ್ಲಗಳ ಕವಲಿನಲ್ಲಿ ಇಳಿದು ಮರ ಒಂದು ಅಂದಾಜು ಹೇಳುತ್ತದೆ. ಅದು ತಪ್ಪಿದಷ್ಟನ್ನು ಮಾತ್ರ ಎರಡನೆಯ ಮರ ಕಲಿಯುತ್ತದೆ, ಇನ್ನೂ ಉಳಿದ ತಪ್ಪನ್ನು ಮೂರನೆಯದು. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಬಿಟ್ಟ ಎಳೆಯನ್ನೇ ಹಿಡಿದು ಇನ್ನೊಬ್ಬರು ಪ್ರಸಂಗವನ್ನು ಮುಂದೊಯ್ಯುವ ಹಾಗೆ. ಬಿಡಿ ಮರ ದಡ್ಡ. ನೂರಾರು ಸಾಲಾಗಿ ನಿಂತಾಗ ಬೆರಗು.

ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಮತ್ತೊಂದು ಪ್ರಯೋಗ. 2012ರ ಬಳಿಕ ಈ ಕಾಯಿಲೆ ಹಳೆಯ ಗಡಿ ದಾಟಿದೆ. ಬಂಡೀಪುರ, ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಹೊಸ ಊರಿನಲ್ಲಿ ಹಳೆಯ ಲೆಕ್ಕವೇ ಇರುವುದಿಲ್ಲ, ಯಂತ್ರ ಕಲಿಯುವುದು ಯಾವುದರಿಂದ? ದಶಕಗಳಿಂದ ಕಾಯಿಲೆ ಅನುಭವಿಸಿದ ಸೀಮೆಯ ಅಂಕಿಗಳಿಂದ ಮೊದಲು ಕಲಿಸಿ, ಆ ಕಲಿಕೆಯನ್ನು ಹೊಸ ಸೀಮೆಗೆ ಕೊಂಡೊಯ್ದರು. ಫಲಿಸಿತು. ಸೊರಬ, ಸಾಗರ, ತೀರ್ಥಹಳ್ಳಿಯವರು ಪಟ್ಟ ಪಾಡು ಇನ್ನೆಲ್ಲೋ ಇರುವ, ಅವರು ಎಂದೂ ಕಾಣದ ಜನರಿಗೆ ಮುನ್ನೆಚ್ಚರಿಕೆಯಾಗಬಲ್ಲದು.

ಈ ಮುನ್ನೆಚ್ಚರಿಕೆ ಎಷ್ಟು ಮುಖ್ಯ ಎಂದರೆ, ಮಂಗನ ಕಾಯಿಲೆಗೆ ನೇರ ಔಷಧಿ ಇಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆ ಸಾಲದು ಎಂದಾಗಿ ಅದನ್ನು ನಿಲ್ಲಿಸಲಾಗಿದೆ, ಹೊಸತರ ಕೆಲಸ ನಡೆದಿದೆ. ಕೈಯಲ್ಲಿರುವುದು ಮೈಗೆ ಹಚ್ಚುವ ಡೆಪಾ ತೈಲ, ಕಾಡಿನಿಂದ ಬಂದೊಡನೆ ಬಿಸಿನೀರ ಸ್ನಾನ, ಸತ್ತ ಮಂಗ ಕಂಡರೆ ತಕ್ಷಣ ತಿಳಿಸುವುದು. ಇವೆಲ್ಲ ಸರಿಯಾದ ಊರಿಗೆ ಸರಿಯಾದ ತಿಂಗಳಲ್ಲಿ ಮುಟ್ಟಿದರೆ ಮಾತ್ರ ಕೆಲಸ ಮಾಡುತ್ತವೆ. ಜಿಲ್ಲೆಯ ಎಲ್ಲ ಹಳ್ಳಿಗೂ ಏಕಕಾಲಕ್ಕೆ ಓಡಲು ಆಶಾ ಕಾರ್ಯಕರ್ತೆಯರಿಗೆ ಸಾಧ್ಯವೇ? ಮೊದಲು ಎಲ್ಲಿಗೆ ಎಂದು ನಕ್ಷೆ ಹೇಳಬೇಕು.

ಅಂಥ ನಕ್ಷೆಗೆ ತಾಲೂಕಿನ ಗೆರೆ ಕಾಣುವುದಿಲ್ಲ. ದೊಡ್ಡ ಹೊಡೆತ ಬಿದ್ದದ್ದು ಘಟ್ಟದ ಬುಡದ ಬೆಳ್ತಂಗಡಿಗೆ. ಆದರೆ ವೇಣೂರಿನಿಂದ ಮೂಡುಬಿದಿರೆಗೆ, ಅಲ್ಲಿಂದ ಬಂಟ್ವಾಳದತ್ತ ಇಳಿಯುವಾಗ ಕಣ್ಣಿಗೆ ಬೀಳುವುದು ಹಾಡಿ, ರಬ್ಬರು, ಬೀಜದ ಗುಡ್ಡೆ, ಕುಮ್ಕಿ, ಅಡಿಕೆ ತೋಟಗಳ ಕಲಸುಮೇಲೋಗರ. ಎಲ್ಲಿ ಕಾಡಿನ ಅಂಶ ಎಷ್ಟು, ಮಂಗ ಎಷ್ಟು, ಗುಡ್ಡೆಗೆ ಬಿಡುವ ದನ ಈಗ ಎಷ್ಟು ಉಳಿದಿದೆ ಎಂಬುದರ ಮೇಲೆ ಅಪಾಯ ಚೌಕದಿಂದ ಚೌಕಕ್ಕೆ ಬೇರೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಅನೇಕ ಚೌಕಗಳಲ್ಲಿ ಅಪಾಯ ತೀರ ಕಡಿಮೆ ಎಂದೂ ಅದೇ ನಕ್ಷೆ ತೋರಿಸೀತು. ಮೂಡುಬಿದಿರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಾರು ಹುಡುಗ ಹುಡುಗಿಯರು ಯಂತ್ರಕಲಿಕೆ ಓದುತ್ತಿದ್ದಾರೆ. ಉಪಗ್ರಹದ ಚಿತ್ರ ಈಗ ಯಾರಿಗೂ ಸಿಗುತ್ತದೆ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಒಮ್ಮೆ ತಮ್ಮ ಹಾಸ್ಟೆಲಿನ ಕಿಟಕಿಯಾಚೆಯ ಗುಡ್ಡೆ ನೋಡಲಿ ಎಂಬುದು ನನ್ನ ಆಸೆ.

ಯಂತ್ರಕ್ಕೆ ಇನ್ನೂ ತಿಳಿಯದ್ದು ಬೇಕಾದಷ್ಟಿದೆ. ಉಣುಗಿನ ಜೀವನಚಕ್ರವನ್ನೇ ಸಮೀಕರಣಗಳಲ್ಲಿ ಕಟ್ಟಿ, ಮರಿ, ಎಳೆಯದು, ಬೆಳೆದದ್ದು, ಇಲಿ, ಮಂಗ ಎಂದು ಒಂದೊಂದನ್ನೂ ಹೆಚ್ಚು ಕಡಿಮೆ ಮಾಡಿ ನೋಡುವ ಇನ್ನೊಂದು ಬಗೆಯ ಮಾದರಿಯೂ 2023ರಲ್ಲಿ ಬಂತು. ಅದರ ಸೊಗಸು ಬೇರೆಯೇ. ತಾಯಿ ಉಣುಗಿನಿಂದ ಮೊಟ್ಟೆಗೆ ವೈರಸ್ ಎಷ್ಟರ ಮಟ್ಟಿಗೆ ದಾಟುತ್ತದೆ ಎಂಬಂಥ, ಕಾಡಿಗೆ ಹೋಗಿ ಮೊದಲು ಬಿಡಿಸಬೇಕಾದ ಗಂಟುಗಳನ್ನು ಅದು ಬೆರಳಿಟ್ಟು ತೋರಿಸುತ್ತದೆ. ಮೇಜಿನ ಮೇಲಿನ ಲೆಕ್ಕ ಕಾಡಿನಲ್ಲಿ ಏನು ಹುಡುಕಬೇಕೆಂದು ಹೇಳುವುದು!

2020ರ ಅಧ್ಯಯನದಲ್ಲಿ ನಾನು ಗೆರೆ ಎಳೆದಿಟ್ಟುಕೊಂಡ ಮಾತೊಂದಿದೆ. ಆಸ್ಪತ್ರೆಯ ಕಡತದಲ್ಲಿ ಇರುವುದು ರೋಗಿಯ ಮನೆ ವಿಳಾಸ. ಉಣುಗು ಕಚ್ಚಿದ್ದು ಮನೆಯಲ್ಲಿ ಅಲ್ಲ, ಯಾವುದೋ ಗುಡ್ಡದ ದಾರಿಯಲ್ಲಿ. ಆ ದಾರಿ ಯಾವುದೆಂದು ತಿಳಿದವರು ಊರಿನ ಜನ, ಆರೋಗ್ಯ ಸಿಬ್ಬಂದಿ, ಅರಣ್ಯದವರು. ಅವರನ್ನು ಕೂರಿಸಿಕೊಂಡು ಕೇಳಿ ತಿಳಿದದ್ದರಿಂದಲೇ ಮಾದರಿ ನೆಲಕ್ಕೆ ಹತ್ತಿರವಾಯಿತು ಎಂದು ಸಂಶೋಧಕರು ಒತ್ತಿ ಹೇಳುತ್ತಾರೆ.

ನಿಡ್ಲೆಯಲ್ಲಿ 1982ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೂಲಿಗೆ ಹೋದವರು ಈಗ ಅರವತ್ತು ದಾಟಿದ್ದಾರೆ. ಯಾವ ಕಡೆಯಿಂದ ಕಡಿಯುತ್ತ ಬಂದರು, ಯಾವ ತೋಡಿನ ಬಳಿ ಊಟಕ್ಕೆ ಕುಳಿತರು, ಸತ್ತ ಮುಸಿಯ ಮೊದಲು ಕಂಡದ್ದು ಎಲ್ಲಿ, ಯಾರ ಹಟ್ಟಿಯ ದನ ಆ ಗುಡ್ಡೆಗೆ ಹೋಗುತ್ತಿತ್ತು ಎಂದು ಅವರಲ್ಲಿ ಕೇಳಿದರೆ ಜಾಗ ತೋರಿಸಬಲ್ಲವರು ಇದ್ದಾರು. ಆ ನೆನಪುಗಳನ್ನು ಊರೂರು ತಿರುಗಿ ಬರೆದುಕೊಂಡು, ಅಂದಿನ ಕಾಡಿನ ಹಳೆಯ ಉಪಗ್ರಹ ಚಿತ್ರಗಳ ಮೇಲಿಟ್ಟು ಯಂತ್ರಕ್ಕೆ ಕೊಟ್ಟರೆ, ಆ ಹಾವಳಿ ಕಾಡಿನ ಅಂಚಿನಲ್ಲಿ ವಾರವಾರಕ್ಕೆ ಹೇಗೆ ಸರಿಯಿತು ಎಂದು ತೆರೆಯ ಮೇಲೆ ಮತ್ತೆ ಕಟ್ಟಬಹುದು. ಬೆಳ್ತಂಗಡಿಯ ಹಿರಿಯರೊಂದಿಗೆ ಈ ಕೆಲಸಕ್ಕೆ ಇನ್ನು ಹತ್ತು ವರ್ಷ ಕಾಯುವ ಹಾಗಿಲ್ಲ.